ಪಟ್ಟೆ ಇಲ್ಲದ ಹೆಬ್ಬಾತು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಪತ್ರಿಕೆ ತೆರೆದರೆ ಜಿಲ್ಲೆಗಳ ಪಟ್ಟಿಯಲ್ಲಿ ಮಧುಗಿರಿ ಎಂಬ ಹೆಸರೂ ಕಾಣಿಸುತ್ತದೆ. ಕಂದಾಯದ ಲೆಕ್ಕದಲ್ಲಿ ಮಧುಗಿರಿ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಕಲ್ಲುಬೆಟ್ಟ, ಹುಣಸೆ ಮರ, ಕಡಲೆಕಾಯಿ ಹೊಲ, ಬತ್ತಿದ ಕೆರೆ - ಈ ಸೀಮೆ ಎಂದರೆ ಹೊರಗಿನವರ ಕಣ್ಣಿಗೆ ಬರುವ ಚಿತ್ರ ಇಷ್ಟೇ. ಇಂಥ ಬರದ ಸೀಮೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಅತಿಥಿಗಳು ಬರುತ್ತಾರೆ ಎಂದರೆ ನಂಬುವವರು ಕಡಿಮೆ.

ನಂಬಿದವನು ನನ್ನ ತಂಗಿಯ ಮಗ. ಒಂಬತ್ತನೇ ತರಗತಿಯ ಹುಡುಗ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಎಲ್ಲರೂ ಜ್ವಾಲಾಮುಖಿಯನ್ನೋ ನೀರಿನ ರಾಕೆಟ್ಟನ್ನೋ ಮಾಡಲು ಹೊರಟಿದ್ದಾಗ ಇವನು 'ನಮ್ಮ ನಾಲ್ಕು ತಾಲ್ಲೂಕುಗಳ ನೀರುಹಕ್ಕಿಗಳು' ಎಂಬ ಪಟ್ಟಿ ಮಾಡುತ್ತೇನೆಂದು ಹಟ ಹಿಡಿದ. "ಪರೀಕ್ಷೆ ಹತ್ತಿರ ಬಂತಲ್ಲ ಅಣ್ಣಾ, ಹಕ್ಕಿ ನೋಡಿಕೊಂಡು ಕೂತರೆ ಮಾರ್ಕ್ಸ್ ಬರುತ್ತಾ?" ಎಂದು ತಂಗಿ ನನ್ನನ್ನೇ ಕೇಳಿದಳು. ಕೊನೆಗೆ ಎರಡೇ ದಿನ ಎಂಬ ಕರಾರಿನ ಮೇಲೆ ಅವನನ್ನೂ, ಏಳನೇ ತರಗತಿ ಓದುವ ನನ್ನ ಮಗಳನ್ನೂ ಕರೆದುಕೊಂಡು ಜನವರಿಯ ಒಂದು ಶನಿವಾರ ಹೊರಟೆ. ಜೊತೆಗಿದ್ದದ್ದು ಒಂದು ಹಳೆಯ ಬೈನಾಕ್ಯುಲರ್, ಒಂದು ಹಕ್ಕಿ ಪುಸ್ತಕ, ಒಂದು ನೋಟ್ ಬುಕ್ಕು, ತಂಗಿ ಕಟ್ಟಿಕೊಟ್ಟ ಚಿತ್ರಾನ್ನ.

ಬಾತು ಬೇರೆ, ಹೆಬ್ಬಾತು ಬೇರೆ

ಮೊದಲ ನಿಲ್ದಾಣ ಕೊರಟಗೆರೆ ತಾಲ್ಲೂಕಿನ ತೀತಾ ಜಲಾಶಯ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ನದಿ ಈ ತಾಲ್ಲೂಕನ್ನು ಹಾದು ಮಧುಗಿರಿಗೆ ಹೋಗಿ, ಮುಂದೆ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ವರ್ಷದ ಹೆಚ್ಚು ಕಾಲ ಮರಳೇ ಆಗಿರುವ ನದಿ ಇದು. 2021 ಮತ್ತು 2022ರ ಮಳೆಗಾಲದಲ್ಲಿ ಮಾತ್ರ ದಂಡೆ ಮೀರಿ ಹರಿದು ಹಳಬರನ್ನೂ ಬೆರಗುಗೊಳಿಸಿತು. ಗೊರವನಹಳ್ಳಿ ಲಕ್ಷ್ಮಿಯ ದರ್ಶನಕ್ಕೆ ಬರುವ ನೂರಾರು ಜನರಲ್ಲಿ ಪಕ್ಕದ ನೀರಿನ ಕಡೆ ತಿರುಗಿ ನೋಡುವವರು ಬೆರಳೆಣಿಕೆಯಷ್ಟು.

ನಮ್ಮ ಹಳ್ಳಿಗಳಲ್ಲಿ ನೀರಿನ ಮೇಲೆ ತೇಲುವುದೆಲ್ಲ ಬಾತುಕೋಳಿಯೇ. ಹೆಬ್ಬಾತು ಎಂಬ ಮಾತಿನಲ್ಲೇ ಅದರ ಅರ್ಥವಿದೆ: ಹಿರಿದಾದ ಬಾತು. ಆದರೆ ಗಾತ್ರ ಒಂದನ್ನೇ ನಂಬಿದರೆ ಮೋಸ ಹೋಗುತ್ತೇವೆ ಎಂಬುದಕ್ಕೆ ಅಲ್ಲೇ ಸಾಕ್ಷಿ ಸಿಕ್ಕಿತು. ನೀರಿನ ಅಂಚಿನಲ್ಲಿ ನಾಲ್ಕು ದಪ್ಪ ಹಕ್ಕಿಗಳಿದ್ದವು. "ಹೆಬ್ಬಾತು!" ಎಂದು ಮಗಳು ಕೂಗಿದಳು. ಬೈನಾಕ್ಯುಲರ್‌ನಲ್ಲಿ ನೋಡಿದರೆ ಕಪ್ಪು ಕೊಕ್ಕಿನ ತುದಿಗೆ ಹಳದಿ ಬಣ್ಣ ಹಚ್ಚಿದಂತಿತ್ತು, ಕೊಕ್ಕಿನ ಬುಡದಲ್ಲಿ ಕೆಂಪು ಚುಕ್ಕೆ. ಅವು ವರಟೆಗಳು. ಎಲ್ಲಿಗೂ ವಲಸೆ ಹೋಗದೆ ನಮ್ಮಲ್ಲೇ ಇರುವ, ಸುಮಾರು 60 ಸೆಂಟಿಮೀಟರ್ ಉದ್ದದ ದೊಡ್ಡ ಬಾತು.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಬಾತುವಿನ ಕತ್ತು ಗಿಡ್ಡ, ಕಾಲು ದೇಹದ ಹಿಂಭಾಗಕ್ಕೆ ಸರಿದಿರುತ್ತದೆ. ಆದ್ದರಿಂದ ನೆಲದ ಮೇಲೆ ಅದು ಓಲಾಡುತ್ತ ನಡೆಯುತ್ತದೆ. ಹೆಬ್ಬಾತುವಿನ ಕತ್ತು ಉದ್ದ, ಕಾಲು ದೇಹದ ನಡುಭಾಗದಲ್ಲಿ. ಅದು ಹಸುವಿನಂತೆ ನೆಲದ ಮೇಲೆ ನಡೆದಾಡಿ ಹುಲ್ಲು ಮೇಯುತ್ತದೆ. ಬಾತುವಿನ ಕೊಕ್ಕು ಚಪ್ಪಟೆ, ಹೆಬ್ಬಾತುವಿನದು ಬುಡದಲ್ಲಿ ಎತ್ತರವಾಗಿ ತುದಿಗೆ ಸಣ್ಣಗಾಗುವ ಗಟ್ಟಿ ಕೊಕ್ಕು. ಬಹುಪಾಲು ಬಾತುಗಳಲ್ಲಿ ಗಂಡು ಹೆಣ್ಣಿನ ಬಣ್ಣ ಬೇರೆ ಬೇರೆ. ಹೆಬ್ಬಾತುಗಳಲ್ಲಿ ಗಂಡು, ಹೆಣ್ಣು ನೋಡಲು ಒಂದೇ ತರಹ.

ಹೆಸರನ್ನೂ ನಂಬುವಂತಿಲ್ಲ. ತಾವರೆ ಎಲೆಗಳಿರುವ ಕೆರೆಗಳಲ್ಲಿ ಕಾಣುವ ಪುಟ್ಟ ಅರಳೆ ಬಾತುವಿನ ಇಂಗ್ಲಿಷ್ ಹೆಸರಿನಲ್ಲಿ 'ಗೂಸ್' ಎಂಬ ಶಬ್ದವಿದೆ. ಆದರೆ ಅದು ನಮ್ಮ ದೇಶದ ಬಾತುಗಳಲ್ಲೇ ಅತಿ ಚಿಕ್ಕದು. ಇನ್ನು ಕೊಕ್ಕಿನ ಮೇಲೆ ಕಪ್ಪು ಗುಬುಟು ಹೊತ್ತ, ಬಿಳಿ ತಲೆಗೆ ಕರಿ ಚುಕ್ಕೆ ಎರಚಿದಂತಿರುವ ಗಂಡು ಕೊಂಬಿನ ಬಾತು ಗಾತ್ರದಲ್ಲಿ ಹೆಬ್ಬಾತುವಿಗೆ ಸರಿಸಮ. ಹುಡುಗ ಇದನ್ನೆಲ್ಲ ನೋಟ್ ಬುಕ್ಕಿನಲ್ಲಿ ಎರಡು ಕಾಲಂ ಮಾಡಿ ಬರೆದುಕೊಂಡ.

ತೋಟದ ಕಾವಲುಗಾರರು

ಮಧುಗಿರಿಯಲ್ಲಿ ಹೆಬ್ಬಾತು ನಾವು ಹುಡುಕದೆಯೇ ಸಿಕ್ಕಿತು. ಸಿಕ್ಕಿತು ಎನ್ನುವುದಕ್ಕಿಂತ ಅಟ್ಟಿಸಿಕೊಂಡು ಬಂತು ಎನ್ನಬೇಕು. 1,193 ಮೀಟರ್ ಎತ್ತರದ ಏಕಶಿಲಾ ಬೆಟ್ಟವನ್ನು ನೋಡುತ್ತ ಊಟಕ್ಕೆಂದು ಪರಿಚಯದವರ ಅಡಿಕೆ ತೋಟದಲ್ಲಿ ಇಳಿದೆವು. ಗೇಟು ತೆಗೆಯುತ್ತಲೇ ಐದಾರು ದಪ್ಪ ಹಕ್ಕಿಗಳು ಕತ್ತು ನೆಲಕ್ಕೆ ಚಾಚಿ, ಬುಸುಗುಡುತ್ತ ನುಗ್ಗಿದವು. ಮಗಳು ಕಾರಿನ ಮೇಲೆ ಹತ್ತಿದಳು.

ಇವು ಸಾಕಿದ ಹೆಬ್ಬಾತುಗಳು. ಹಾವು ಬರಲಿ, ಕಳ್ಳ ಬರಲಿ, ನಾಯಿಗಿಂತ ಮುಂಚೆ ಕೂಗುತ್ತವೆಂದು ತೋಟದ ಮನೆಗಳಲ್ಲಿ ಸಾಕುತ್ತಾರೆ. ಸಾಕಿದ ಹೆಬ್ಬಾತುಗಳಲ್ಲಿ ಎರಡು ಮೂಲಗಳಿವೆ. ಕೊಕ್ಕಿನ ಬುಡದಲ್ಲಿ ಉಬ್ಬು, ಕತ್ತಿನ ಹಿಂದೆ ಉದ್ದಕ್ಕೆ ಕಂದು ಗೆರೆ ಇದ್ದರೆ ಅದು ಚೀನಾ, ಮಂಗೋಲಿಯಾಗಳ ಕಾಡು ಹೆಬ್ಬಾತೊಂದರ ಸಂತತಿ. ಉಬ್ಬು ಇಲ್ಲದಿದ್ದರೆ ಸಾಮಾನ್ಯವಾಗಿ ಬೂದು ಹೆಬ್ಬಾತುವಿನ ಸಂತತಿ. ಯೂರೋಪಿನ ಹಳ್ಳಿಗಳ ಬಿಳಿಯ ಹೆಬ್ಬಾತುಗಳೆಲ್ಲ ಈ ಬೂದು ಹೆಬ್ಬಾತುವಿನಿಂದಲೇ ಬಂದವು. ಊರಿನ ಹತ್ತಿರದ ಕೆರೆಯಲ್ಲಿ ಭಾರವಾದ ಹಿಂಭಾಗದ, ಅಲ್ಲಲ್ಲಿ ಬಿಳಿ ಮಚ್ಚೆಯ, ಮನುಷ್ಯರಿಗೆ ಹೆದರದ ಹೆಬ್ಬಾತು ಕಂಡರೆ ಅದು ಯಾರದೋ ತೋಟದಿಂದ ಈಜಲು ಬಂದದ್ದು ಎಂದು ತಿಳಿಯಬೇಕು.

ಸಂಜೆ ಶಿರಾ ಕಡೆ ಹೊರಟೆವು. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹೆಸರು ಹಕ್ಕಿ ಪ್ರಿಯರಿಗೆಲ್ಲ ಗೊತ್ತು. ಅಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಊರ ನಡುವಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟಿ ಮರಿ ಮಾಡುತ್ತವೆ. ಊರವರೇ ಅವಕ್ಕೆ ಕಾವಲು. ನಾವು ಹೋದದ್ದು ಗೂಡಿನ ಕಾಲಕ್ಕೆ ತುಸು ಮೊದಲು. ಮರಗಳ ಕೆಳಗೆ ನಿಂತು ಹಳೆಯ ಗೂಡುಗಳನ್ನು ಎಣಿಸಿ, ರಾತ್ರಿ ಶಿರಾದಲ್ಲಿ ತಂಗಿದೆವು.

ಶಿರಾದ ಬೆಳಗು

ಮಾರನೆಯ ದಿನ ನಾವು ಹೋದ ಕೆರೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರು ಹೇಳಿದರೆ ಕಾರುಗಳು ಕೆರೆ ಏರಿ ಹತ್ತುತ್ತವೆ, ಕಾರು ಬಂದರೆ ಹಕ್ಕಿ ಇರುವುದಿಲ್ಲ. ಶಿರಾ ತಾಲ್ಲೂಕಿನ, ಆ ವರ್ಷ ಅರ್ಧ ತುಂಬಿದ್ದ ಒಂದು ಕೆರೆ ಎಂದಷ್ಟೇ ತಿಳಿಯಿರಿ.

ಆರೂವರೆಗೆ ಏರಿಯ ಮೇಲೆ ಕೂತೆವು. ಮಂಜು. ಸ್ವಲ್ಪ ಹೊತ್ತಿಗೆ ಹೊಲಗಳ ಕಡೆಯಿಂದ 'ಆಂಗ್... ಆಂಗ್...' ಎಂಬ ಮೂಗಿನ ಸ್ವರ ಕೇಳಿಸಿತು. ಓರೆ ಗೆರೆಯಂತೆ ಸಾಲುಗಟ್ಟಿ ಬಂದ ಹಕ್ಕಿಗಳು ಒಂದು ಸುತ್ತು ಹಾಕಿ ನೀರಿಗೆ ಇಳಿದವು. ಎಣಿಸಿದಾಗ ಸಿಕ್ಕ ಲೆಕ್ಕ 43. ಹೆಬ್ಬಾತುಗಳು ಹೆಚ್ಚಾಗಿ ರಾತ್ರಿ ಮತ್ತು ಮುಂಜಾವಿನಲ್ಲಿ ಹೊಲಗಳಲ್ಲಿ ಮೇಯ್ದು, ಹಗಲನ್ನು ನೀರಿನ ಮೇಲೆ ಕಳೆಯುತ್ತವೆ.

ಬಂದದ್ದು ಪಟ್ಟೆತಲೆ ಹೆಬ್ಬಾತುಗಳು. ಬಿಳಿಯ ತಲೆಯ ಹಿಂಭಾಗಕ್ಕೆ ಕಾಡಿಗೆಯಿಂದ ಎಳೆದಂತೆ ಎರಡು ಕಪ್ಪು ಅಡ್ಡಪಟ್ಟೆಗಳು. ಒಂದು ಕಣ್ಣಿನಿಂದ ಕಣ್ಣಿಗೆ, ಇನ್ನೊಂದು ಅದರ ಕೆಳಗೆ. ಕತ್ತಿನ ಎರಡೂ ಬದಿಗೆ ಇಳಿಯುವ ಬಿಳಿ ಗೆರೆ, ತಿಳಿಬೂದು ಮೈ, ಕಿತ್ತಳೆ-ಹಳದಿಯ ಕೊಕ್ಕು ಮತ್ತು ಕಾಲು, ಕೊಕ್ಕಿನ ತುದಿಯಲ್ಲಿ ಕಪ್ಪು ಬೊಟ್ಟು. ತೂಕ ಎರಡರಿಂದ ಮೂರು ಕಿಲೋ. ಇವುಗಳ ತವರು ಮಂಗೋಲಿಯಾ, ಟಿಬೆಟ್, ನಮ್ಮ ಲಡಾಖಿನ ಎತ್ತರದ ಸರೋವರಗಳು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸುತ್ತಿನ ಕೆರೆಗಳಲ್ಲಿ ಕಂಡದ್ದುಂಟು. ಕರ್ನಾಟಕದಲ್ಲಿ ಇವು ದೊಡ್ಡ ಸಂಖ್ಯೆಯಲ್ಲಿ ಸೇರುವ ಗದಗ ಜಿಲ್ಲೆಯ ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ಜೌಗು ತಾಣದ ಮಾನ್ಯತೆ ಸಿಕ್ಕಿದೆ.

ಇವು ಹಿಮಾಲಯ ದಾಟುವ ಬಗೆ ವಿಜ್ಞಾನಿಗಳಿಗೂ ಸೋಜಿಗ. ಎವರೆಸ್ಟ್ ಮೇಲೆಯೇ ಹಾರುತ್ತವೆ ಎಂಬ ಕತೆ ಬಹುಕಾಲ ನಡೆಯಿತು. ಹಕ್ಕಿಗಳಿಗೆ ಚಿಕ್ಕ ಯಂತ್ರ ಕಟ್ಟಿ ಉಪಗ್ರಹದ ಮೂಲಕ ಜಾಡು ಹಿಡಿದು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕ ಅತ್ಯಧಿಕ ಎತ್ತರ 7,290 ಮೀಟರ್. ಹೆಚ್ಚಿನವು ಕಣಿವೆಗಳನ್ನು ಅನುಸರಿಸಿ ಅದಕ್ಕಿಂತ ಸಾಕಷ್ಟು ಕೆಳಗೇ ಹಾರುತ್ತವೆ. ಗಾಳಿ ತಣ್ಣಗಾಗಿ ದಟ್ಟವಾಗಿರುವ ರಾತ್ರಿ ಮತ್ತು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುತ್ತವೆ. ಇವುಗಳ ರಕ್ತದ ಹಿಮೋಗ್ಲೋಬಿನ್ ವಿರಳವಾದ ಗಾಳಿಯಲ್ಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಹಳೆಯ ಕಾವ್ಯಗಳ, ಹೊಯ್ಸಳ ದೇವಾಲಯಗಳ ಪಟ್ಟಿಕೆಗಳ ಹಂಸ ಬೇರಾವುದೂ ಅಲ್ಲ, ಇದೇ ಹೆಬ್ಬಾತು ಎಂದು ಹೇಳುವ ವಿದ್ವಾಂಸರಿದ್ದಾರೆ. ಮಾನಸ ಸರೋವರದಿಂದ ಬರುವ ಹಂಸ ಎಂಬ ಮಾತು ನೆನೆದರೆ ಅದು ಸರಿಯೆನಿಸುತ್ತದೆ.

ಹುಡುಗ ಮಾತಿಲ್ಲದೆ ನೋಡುತ್ತಿದ್ದವನು ಒಮ್ಮೆಗೇ ನನ್ನ ತೋಳು ಹಿಡಿದ. "ಮಾವ, ಬಲಗಡೆ ನೋಡಿ. ಆ ಮೂರಕ್ಕೆ ಪಟ್ಟೆ ಇಲ್ಲ!"

ನಿಜ. ಗುಂಪಿನ ಅಂಚಿನಲ್ಲಿ ಮೂರು ಹಕ್ಕಿಗಳಿಗೆ ತಲೆಪಟ್ಟೆ ಇರಲಿಲ್ಲ. ತಲೆ ಮಂಕಾಗಿ ಬೂದು-ಕಂದು. ಸೂರ್ಯ ಅವುಗಳ ಹಿಂದೆ ಇದ್ದ, ಮಂಜು ಇನ್ನೂ ಕರಗಿರಲಿಲ್ಲ. ಹುಡುಗ ಪುಸ್ತಕ ತೆರೆದ. ಪಟ್ಟೆ ಇಲ್ಲದ, ಬೂದು-ಕಂದು ಬಣ್ಣದ ಹೆಬ್ಬಾತು ಎಂದರೆ ಬೂದು ಹೆಬ್ಬಾತು. ಉತ್ತರ ಭಾರತಕ್ಕೆ ಚಳಿಗಾಲದಲ್ಲಿ ಬಹಳವಾಗಿ ಬರುವ, ದಕ್ಷಿಣದಲ್ಲಿ ಅಪರೂಪವಾದ ಹಕ್ಕಿ. "ಅದೇ ಅಲ್ವಾ ಮಾವ?" ಎಂದ. ಅವನ ಮುಖದ ಸಂತೋಷ ನೋಡಿ ನಾನೂ "ಹೂಂ, ಅದೇ ಇರಬೇಕು" ಎಂದುಬಿಟ್ಟೆ. ನೋಟ್ ಬುಕ್ಕಿನಲ್ಲಿ 'ಬೂದು ಹೆಬ್ಬಾತು - 3' ಎಂದು ಕೆಂಪು ಶಾಯಿಯಲ್ಲಿ ಬರೆದ. ಅಲ್ಲಿಂದಲೇ ವಿಜ್ಞಾನದ ಮೇಷ್ಟರಿಗೆ ಫೋನು ಮಾಡಿದ. ಅವರೂ ಹಿಗ್ಗಿದರು. ಪಟ್ಟಿಯ ತಲೆಬರಹವೇ ಅದಾಗಲಿ ಎಂದರಂತೆ.

ಪಾವಗಡದ ಕೆರೆ

ಪಾವಗಡ ತಾಲ್ಲೂಕು ಭೂಪಟದಲ್ಲಿ ಆಂಧ್ರದೊಳಗೆ ಚಾಚಿದ ತುಂಡು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತಿರುಮಣಿಯ ದಾರಿಯಲ್ಲಿ ದಿಬ್ಬ ಹತ್ತಿದಾಗ ಮಗಳು ಎದ್ದು ನಿಂತಳು. "ಅಪ್ಪಾ, ಎಷ್ಟು ದೊಡ್ಡ ಕೆರೆ!" ಕಣ್ಣು ಹಾಯುವವರೆಗೂ ನೀಲಿಯಾಗಿ ಹೊಳೆಯುತ್ತಿತ್ತು. ಕುರಿ ಕಾಯುತ್ತಿದ್ದ ಅಜ್ಜಿಯೊಬ್ಬರು ನಕ್ಕರು. "ಅದಿ ನೀಳ್ಳು ಕಾದಮ್ಮಾ, ಕರೆಂಟು." ಅದು ನೀರಲ್ಲಮ್ಮ, ಕರೆಂಟು.

2018ರಲ್ಲಿ ಉದ್ಘಾಟನೆಯಾದ ಸೌರ ಪಾರ್ಕು ಅದು. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವಾಟ್ ಸಾಮರ್ಥ್ಯ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತ ರೈತರು ಹೊಲಗಳನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಹತ್ತಿರ ಹೋದಂತೆ ಕೆರೆ ಮಾಯವಾಗಿ ಗಾಜಿನ ಫಲಕಗಳ ಸಾಲು ಉಳಿಯಿತು.

ಅಲ್ಲಿಂದ ನಾಗಲಮಡಿಕೆಗೆ ಹೋಗಿ ಉತ್ತರ ಪಿನಾಕಿನಿಯ ದಂಡೆಯಲ್ಲಿ ಚಿತ್ರಾನ್ನದ ಗಂಟು ಬಿಚ್ಚಿದೆವು. ಹುಡುಗ ತಿನ್ನದೆ ಕೂತಿದ್ದ. ಆಮೇಲೆ ಕೇಳಿದ: "ಮಾವ, ಬೆಳಿಗ್ಗೆ ಆ ಮೂರು ಹಕ್ಕಿಗಳ ಕಾಲು ನೋಡಿದ್ರಾ?"

ನೋಡಿರಲಿಲ್ಲ. ಅವು ನೀರಿನಲ್ಲಿದ್ದವು. ಕೊಕ್ಕಿನ ಬಣ್ಣವೂ ಕಂಡಿರಲಿಲ್ಲ. ಪುಸ್ತಕ ಬಿಚ್ಚಿ ಇಬ್ಬರೂ ಸರಿಯಾಗಿ ಓದಿದೆವು. ನಮ್ಮ ದೇಶಕ್ಕೆ ಬರುವ ಬೂದು ಹೆಬ್ಬಾತುವಿನ ಕೊಕ್ಕೂ ಕಾಲೂ ನಸುಗೆಂಪು, ತಾವರೆಯ ಎಸಳಿನ ಬಣ್ಣ. ಮೈ ದಪ್ಪ, ತಲೆಯಿಂದ ಕತ್ತಿನವರೆಗೆ ಒಂದೇ ಬೂದು-ಕಂದು. ಹಾರಿದರೆ ರೆಕ್ಕೆಯ ಮುಂಭಾಗ ಬೆಳ್ಳಿಯಂತೆ ಹೊಳೆಯುತ್ತದೆ. ಇದರಲ್ಲಿ ಯಾವುದನ್ನೂ ನಾವು ನೋಡಿರಲಿಲ್ಲ. ಪಟ್ಟೆ ಇಲ್ಲ ಎಂಬ ಒಂದೇ ಆಧಾರದ ಮೇಲೆ ತೀರ್ಪು ಕೊಟ್ಟಿದ್ದೆವು. ಇರುವುದನ್ನು ನೋಡುವ ಬದಲು ಇಲ್ಲದ್ದನ್ನು ನೋಡಿದ್ದೆವು. ಹೂಂ ಎಂದವನು ದೊಡ್ಡವನಾದ ನಾನೇ.

"ಹೋಗಲಿ ಬಿಡು, ಅಲ್ಲಿಗೆ ಬಂದು ಯಾರು ಕೇಳ್ತಾರೆ?" ಎಂಬ ಮಾತು ನನ್ನ ಬಾಯಿಯ ತನಕ ಬಂದಿತ್ತು. ಹುಡುಗ ಮುಖ ನೋಡುತ್ತಿದ್ದ. ನುಂಗಿಕೊಂಡೆ. ಪ್ರದರ್ಶನಕ್ಕೆ ಇನ್ನು ಒಂಬತ್ತು ದಿನವಿತ್ತು.

ಮತ್ತೆ ಅದೇ ಏರಿ

ಮುಂದಿನ ಭಾನುವಾರ ಟ್ಯೂಷನ್ ತಪ್ಪಿಸಲು ತಂಗಿಯನ್ನು ಒಪ್ಪಿಸುವುದು ಹಿಮಾಲಯ ದಾಟಿದಷ್ಟೇ ಕಷ್ಟವಾಯಿತು. "ಒಂದು ಹಕ್ಕಿಗೋಸ್ಕರ ಎರಡು ಸಲ ಶಿರಾಕ್ಕಾ?" ಎಂದಳು. ಹುಡುಗನೇ ಉತ್ತರಿಸಿದ: "ತಪ್ಪು ಅಂತ ಅನ್ನಿಸಿದ ಮೇಲೆ ಹಾಗೇ ಬರೆದು ಗೋಡೆಗೆ ಅಂಟಿಸೋದು ಹೇಗಮ್ಮಾ?" ಆಕೆ ಮಾತಾಡದೆ ತಿಂಡಿ ಕಟ್ಟಿಕೊಟ್ಟಳು.

ಈ ಸಲ ಬೆಳಕು ನಮ್ಮ ಬೆನ್ನಿಗೆ ಬರುವಂತೆ ಕೆರೆಯ ಇನ್ನೊಂದು ಬದಿಗೆ ಹೋದೆವು. ಅಲ್ಲಿ ಕೆರೆ ಅಂಗಳದಲ್ಲಿ ಕಡಲೆ ಹಾಕಿದ್ದ ರೈತರೊಬ್ಬರು ಕಂಬಳಿ ಹೊದ್ದು ಕೂತಿದ್ದರು.

"ಬಾತುಕೋಳಿ ನೋಡಾಕೆ ಬಂದ್ರಾ ಸ್ವಾಮಿ? ಅವು ಇನ್ನೂ ನಮ್ಮ ಹೊಲದಾಗೇ ಅವೆ. ಗದ್ಲ ಮಾಡ್ಬೇಡಿ."

ಪಟ್ಟೆ ಇಲ್ಲದ ಮೂರು ಹಕ್ಕಿಗಳನ್ನು ಅವರು ನೋಡಿದ್ದಾರೆಯೇ ಎಂದು ಹುಡುಗ ಕೇಳಿದ.

"ಅಯ್ಯೋ, ಅವು ಮರಿಗಳು ಕಣಪ್ಪಾ. ಅದೊಂದು ಸಂಸಾರ. ಎರಡು ದೊಡ್ಡವು, ಮೂರು ಚಿಕ್ಕವು. ದಿನಾ ಒಟ್ಟಿಗೇ ಬತ್ತವೆ, ಒಟ್ಟಿಗೇ ಹೋಯ್ತವೆ. ದೊಡ್ಡದು ತಲೆ ಎತ್ಕಂಡು ಕಾಯ್ತಿರ್ತದೆ, ಚಿಕ್ಕವು ತಿಂತಿರ್ತವೆ."

ಪುಸ್ತಕದಲ್ಲಿ ಚಿಕ್ಕ ಅಕ್ಷರದಲ್ಲಿದ್ದ ಸಾಲನ್ನು ಅವರು ಕಣ್ಣಿನಿಂದ ಓದಿದ್ದರು. ಪಟ್ಟೆತಲೆ ಹೆಬ್ಬಾತುವಿನ ಮರಿಗಳಿಗೆ ಮೊದಲ ಚಳಿಗಾಲದಲ್ಲಿ ಪಟ್ಟೆ ಇರುವುದಿಲ್ಲ. ನೆತ್ತಿ ಮತ್ತು ಕತ್ತಿನ ಹಿಂಭಾಗ ಒಟ್ಟಾಗಿ ಕಂದು-ಬೂದು. ಮುಖ ಮಾತ್ರ ಬಿಳಿಚು. ಹೆಬ್ಬಾತುಗಳಲ್ಲಿ ಮರಿಗಳು ಮೊದಲ ವಲಸೆಯನ್ನು ತಂದೆ ತಾಯಿಯ ಜೊತೆಯಲ್ಲೇ ಮಾಡುತ್ತವೆ, ಚಳಿಗಾಲವನ್ನೂ ಜೊತೆಯಲ್ಲೇ ಕಳೆಯುತ್ತವೆ. ದಾರಿ ಕಲಿಯುವುದು ಹಾಗೆ.

ಬೈನಾಕ್ಯುಲರ್ ಹಿಡಿದೆವು. ಕಡಲೆ ಸಾಲಿನಲ್ಲಿ ನಿಂತಿದ್ದ ಮೂರರ ಕಾಲೂ ಸ್ಪಷ್ಟವಾಗಿ ಕಂಡಿತು: ಮಾಸಲು ಹಳದಿ. ನಸುಗೆಂಪಿನ ಸುಳಿವೂ ಇಲ್ಲ. ಕೊಕ್ಕು ಹಳದಿ, ತುದಿ ಕಪ್ಪು. ಕೆನ್ನೆ ಬಿಳಿ. ಒಂದರ ತಲೆಯ ಹಿಂದೆ ಮಸುಕಾದ ನೆರಳಿನಂತೆ ಪಟ್ಟೆ ಮೂಡತೊಡಗಿತ್ತು. ಹುಡುಗ ನೋಟ್ ಬುಕ್ಕು ತೆಗೆದು ಕೆಂಪು ಸಾಲಿನ ಮೇಲೆ ಒಂದು ಗೆರೆ ಎಳೆದ. ಕೆಳಗೆ ಬರೆದ: 'ಪಟ್ಟೆತಲೆ ಹೆಬ್ಬಾತು - 43. ಇವುಗಳಲ್ಲಿ ಈ ವರ್ಷದ ಮರಿಗಳು 3.'

ಹೊರಡುವಾಗ ರೈತರು ಹೊಲ ತೋರಿಸಿದರು. ಕಡಲೆಯ ಎರಡು ಸಾಲು ಬೋಳಾಗಿತ್ತು. "ಬಂದೂಕು ಹಿಡ್ಕಂಡು ಇಬ್ರು ಬಂದಿದ್ರು. ಏರಿ ಮ್ಯಾಗಿಂದ್ಲೇ ವಾಪಸ್ ಕಳಿಸ್ದೆ. ಮರಿ ಕಟ್ಕಂಡು ಬಂದವ್ನ ಹೊಡೆಯಾದಾ? ಆದ್ರೂ ಸ್ವಾಮಿ, ಈ ಎರಡು ಸಾಲು ಹೋಯ್ತಲ್ಲ, ಇದನ್ನ ಯಾರ್ ಕೊಡ್ತಾರೆ?"

ನನ್ನ ಬಳಿ ಉತ್ತರವಿರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಹಕ್ಕಿಯನ್ನು ಹೊಡೆಯುವವರನ್ನು ಶಿಕ್ಷಿಸುತ್ತದೆ. ಹಕ್ಕಿಗೆ ಕಡಲೆ ಉಣಿಸಿದ ಈ ರೈತರ ಕೈಗೆ ಮಾತ್ರ ಏನೂ ಬಂದಿರಲಿಲ್ಲ. ಹಕ್ಕಿ ನೋಡಿ ಹಿಗ್ಗುವ ನಾವು ಈ ಲೆಕ್ಕವನ್ನೂ ಬರೆದಿಡಬೇಕು ಎನ್ನಿಸಿತು.

ಪ್ರದರ್ಶನದಲ್ಲಿ ಬಹುಮಾನ ನೀರಿನ ರಾಕೆಟ್ಟಿಗೆ ಹೋಯಿತು. ಹುಡುಗನ ಪಟ್ಟಿಗೆ ಅಪರೂಪದ ಹಕ್ಕಿಯ ತಲೆಬರಹ ಇರಲಿಲ್ಲ. ಆದರೆ ವಿಜ್ಞಾನದ ಮೇಷ್ಟರು ಆ ನೋಟ್ ಬುಕ್ಕನ್ನು, ಗೆರೆ ಎಳೆದ ಪುಟ ಕಾಣುವಂತೆ ತೆರೆದು, ಪಟ್ಟಿಯ ಪಕ್ಕದಲ್ಲೇ ಮೇಜಿನ ಮೇಲೆ ಇಟ್ಟಿದ್ದರಂತೆ. ತಂಗಿ ಅದನ್ನು ನನಗೆ ಫೋನಿನಲ್ಲಿ ಎರಡು ಸಲ ಹೇಳಿದಳು.

ನೋಡಲು ಹೋಗುವವರಿಗೆ

ಹೆಬ್ಬಾತುಗಳ ಕಾಲ ನವೆಂಬರ್‌ನಿಂದ ಮಾರ್ಚ್ ಆರಂಭದವರೆಗೆ. ಬೆಳಿಗ್ಗೆ ಬೇಗ ಹೋಗಿ, ಸೂರ್ಯ ನಿಮ್ಮ ಬೆನ್ನಿಗೆ ಇರಲಿ. ನೋಡುವ ಕ್ರಮ ಹೀಗಿರಲಿ: ಮೊದಲು ಕೊಕ್ಕಿನ ಬಣ್ಣ, ಆಮೇಲೆ ಕಾಲು, ಆಮೇಲೆ ತಲೆ, ಕೊನೆಗೆ ಹಾರುವಾಗ ರೆಕ್ಕೆ. ಹಳದಿ ಕೊಕ್ಕು, ಹಳದಿ ಕಾಲು, ಬಿಳಿ ಮುಖ ಇದ್ದರೆ ಪಟ್ಟೆ ಇರಲಿ ಬಿಡಲಿ, ಅದು ಪಟ್ಟೆತಲೆ. ಕೊಕ್ಕು ಮತ್ತು ಕಾಲು ನಸುಗೆಂಪಾಗಿದ್ದು ತಲೆ ಒಂದೇ ಬಣ್ಣವಾಗಿದ್ದರೆ ಬೂದು ಹೆಬ್ಬಾತು. ಕೊಕ್ಕಿನ ಬುಡದ ಸುತ್ತ ಬಿಳಿ ಪಟ್ಟಿ, ಹೊಟ್ಟೆಯ ಮೇಲೆ ಕಪ್ಪು ಅಡ್ಡಗೆರೆಗಳಿದ್ದರೆ ಅದು ಬಿಳಿಹಣೆಯ ಹೆಬ್ಬಾತು, ಭಾರತಕ್ಕೇ ಅಪರೂಪ. ಜೊತೆಗೆ ಕಣ್ಣಿನ ಸುತ್ತ ಹಳದಿ ಉಂಗುರವೂ ಇದ್ದು ಗಾತ್ರ ಚಿಕ್ಕದಾಗಿದ್ದರೆ ಅದರ ಕಿರಿಯ ದಾಯಾದಿ, ಇನ್ನೂ ಅಪರೂಪ.

ಶಿರಾ ಬೆಂಗಳೂರಿನಿಂದ ಸುಮಾರು 120 ಕಿಲೋಮೀಟರ್, ತುಮಕೂರಿನಿಂದ ಸುಮಾರು 50. ಕೊರಟಗೆರೆ, ಮಧುಗಿರಿ, ಪಾವಗಡಗಳಿಗೆ ತುಮಕೂರಿನಿಂದ ಬಸ್ಸುಗಳಿವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವನ್ನೂ ಜೊತೆಯಲ್ಲೇ ನೋಡಬಹುದು. ಕೆರೆಯ ಹತ್ತಿರ ವಾಹನವನ್ನು ಏರಿಯ ಕೆಳಗೇ ನಿಲ್ಲಿಸಿ. ಫೋಟೊಗಾಗಿ ಹಕ್ಕಿಗಳನ್ನು ಎಬ್ಬಿಸಬೇಡಿ. ಮರಳುವ ದಾರಿಗೆ ಕೂಡಿಟ್ಟ ಶಕ್ತಿಯನ್ನು ಅವು ಹಾಗೆ ಕಳೆದುಕೊಳ್ಳುತ್ತವೆ. ಹೊಲದಲ್ಲಿ ಕೂತ ರೈತರನ್ನು ಮಾತಾಡಿಸಿ. ನೋಟ್ ಬುಕ್ಕಿನ ಜೊತೆಗೆ ಗೆರೆ ಎಳೆಯಲು ಒಂದು ಪೆನ್ನೂ ಇರಲಿ.